ಸಂಯುಕ್ತ ಗ್ರಂಥಸೂಚಿಯೂ ಅದನ್ನು ಹೊತ್ತ ಯಂತ್ರಗಳೂ

ಶಾಲೆಗೆ ಏನಾದರೊಂದು ಸಹಾಯವನ್ನು ಮಾಡಬೇಕೆಂಬ ಇಚ್ಛೆಯಿಂದ ಬರುವ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ನಮ್ಮನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆಯು ಒಂದೇ: ಪುಸ್ತಕಗಳನ್ನು ಕೊಡೋಣವೇ, ಕಪಾಟನ್ನು ಮಾಡಿಸಿಕೊಡೋಣವೇ? ಎರಡೂ ಒಳ್ಳೆಯವೇ. ಆದರೆ ಇಂದಿನ ಗ್ರಂಥಾಲಯಗಳಿಗೆ ಮೂರನೆಯ ಅಗತ್ಯವೊಂದು ಒದಗಿರುವುದು. ಹಲವು ಗ್ರಂಥಾಲಯಗಳು ಕೂಡಿ ಅಂತರ್ಜಾಲದಲ್ಲಿ ಇಟ್ಟುಕೊಳ್ಳುವ ಸಂಯುಕ್ತ ಗ್ರಂಥಸೂಚಿಯೂ, ಅದನ್ನು ಹೊತ್ತುಕೊಂಡಿರುವ ಸರ್ವರುಗಳೆಂಬ ಕಂಪ್ಯೂಟರುಗಳೂ ಆ ಅಗತ್ಯವು. ಈ ಯಂತ್ರಗಳನ್ನು ಕಾಲಕಾಲಕ್ಕೆ ನವೀಕರಿಸುವ ವೆಚ್ಚವನ್ನು ದುಂದೆಂದು ಎಣಿಸದೆ, ಪುಸ್ತಕದ ವೆಚ್ಚಕ್ಕೆ ಸಲ್ಲುವ ಗೌರವವನ್ನೇ ಅದಕ್ಕೂ ಸಲ್ಲಿಸಬೇಕೆಂಬುದು ನಮ್ಮ ಅಭಿಪ್ರಾಯವು.

ಹಿಂದೆ ಒಂದೊಂದು ಗ್ರಂಥಾಲಯಕ್ಕೂ ಅದರದೇ ಆದ ಚೀಟಿಗಳ ಪೆಟ್ಟಿಗೆ ಇದ್ದಿತು. ಅದನ್ನು ತಿರುವಿಹಾಕಿದ ಹುಡುಗಿಗೆ ಆ ಒಂದು ಕೋಣೆಯಲ್ಲಿರುವ ಪುಸ್ತಕಗಳು ತಿಳಿಯುತ್ತಿದ್ದುವೇ ಹೊರತು, ತನಗೆ ಬೇಕಾದ ಪುಸ್ತಕವು ಎರಡು ಬೀದಿಗಳ ಆಚೆ ಧೂಳು ತಿನ್ನುತ್ತಿರುವ ಸಂಗತಿಯು ತಿಳಿಯುತ್ತಿರಲಿಲ್ಲ. ಸಂಯುಕ್ತ ಸೂಚಿಯಲ್ಲಿ ಒಮ್ಮೆ ಹುಡುಕಿದರೆ ಪುಸ್ತಕವು ಯಾವ ಗ್ರಂಥಾಲಯದಲ್ಲಿದೆ, ಒಳಗಿದೆಯೇ, ಯಾರಿಗಾದರೂ ಎರವಲು ಹೋಗಿದೆಯೇ ಎಂಬುದೆಲ್ಲ ಗೊತ್ತಾಗುವುದು. ಇದಕ್ಕೆ ಎಲ್ಲರೂ ಒಂದೇ ಕ್ರಮದಲ್ಲಿ ಪುಸ್ತಕದ ವಿವರವನ್ನು ಬರೆಯಬೇಕಾಗುತ್ತದೆ. ಅಂತಹ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ರೂಪಿಸಿದವರು ಹೆನ್ರಿಯೆಟ್ ಆವ್ರಮ್ ಎಂಬ ಮಹಿಳೆಯು. ಅವರು ಗ್ರಂಥಪಾಲಕಿಯಾಗಿ ತರಬೇತಾದವರಲ್ಲ, ಕಂಪ್ಯೂಟರಿಗೆ ಪ್ರೋಗ್ರಾಮುಗಳನ್ನು ಬರೆಯುತ್ತಿದ್ದವರು. ಮಾರ್ಕ್ ಎಂದು ಕರೆಯಲ್ಪಡುವ ಆ ಕ್ರಮವು ಇಂದಿಗೂ ಲೋಕದ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವುದು. ಓಹಿಯೋ ಸಂಸ್ಥಾನದ ಕಾಲೇಜುಗಳು 1967ರಲ್ಲಿ ಕಟ್ಟಿಕೊಂಡ ಒಕ್ಕೂಟವು 1971ರಲ್ಲಿ ಇಂತಹ ಸೂಚಿಯನ್ನು ತಂತಿಯ ಮೂಲಕ ಹಂಚಿಕೊಳ್ಳಲಾರಂಭಿಸಿತು. ಒಬ್ಬರು ಬರೆದ ವಿವರವನ್ನು ಮತ್ತೊಬ್ಬರು ಪುನಃ ಬರೆಯುವ ಶ್ರಮವು ಅಂದಿನಿಂದ ಉಳಿಯುತ್ತ ಬಂದಿತು.

ಸೂಚಿಯನ್ನು ಹಂಚಿಕೊಂಡಂತೆ ಯಂತ್ರದ ಹೊರೆಯನ್ನೂ ಹಂಚಿಕೊಂಡವರಿಗೆ ಅಮೆರಿಕದ ಜಾರ್ಜಿಯ ಸಂಸ್ಥಾನವು ನಿದರ್ಶನವಾಗಿದೆ. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳು 1999ರಲ್ಲಿ ಪೈನ್ಸ್ ಎಂಬ ಒಕ್ಕೂಟವನ್ನು ಆರಂಭಿಸಿದುವು. 250ಕ್ಕಿಂತ ಹೆಚ್ಚು ಗ್ರಂಥಾಲಯಗಳಲ್ಲಿ ಒಬ್ಬ ಓದುಗನಿಗೆ ಒಂದೇ ಕಾರ್ಡು ಸಾಲುವಂತಾಯಿತು. ಕೊಂಡುಕೊಂಡಿದ್ದ ತಂತ್ರಾಂಶವು ಅಷ್ಟು ದೊಡ್ಡ ಕುಟುಂಬಕ್ಕೆ ಸಾಲದೆಂದು ಕಂಡುಬಂದಾಗ ಅವರು ತಾವೇ ಎವರ್‌ಗ್ರೀನ್ ಎಂಬುದನ್ನು ಬರೆಯಿಸಿ, 2006ರ ಸೆಪ್ಟೆಂಬರಿನಲ್ಲಿ, ಕಾರ್ಮಿಕ ದಿನದ ರಜೆಯನ್ನು ಬಳಸಿಕೊಂಡು, ಹಳೆಯದರಿಂದ ಹೊಸದಕ್ಕೆ ದಾಟಿದರು. ಅದರಲ್ಲಿ ಕೆಲಸವು ಒಂದೇ ದೊಡ್ಡ ಯಂತ್ರದ ಹೆಗಲಮೇಲೆ ಬೀಳದೆ ಹಲವು ಯಂತ್ರಗಳಿಗೆ ಹಂಚಿಹೋಗುವುದು. ಓದುಗರು ಹೆಚ್ಚಿದಂತೆ ಯಂತ್ರಗಳನ್ನೂ ಹೆಚ್ಚಿಸಬಹುದು.

ಇದ್ದ ಯಂತ್ರವು ನಡೆಯುತ್ತಿರುವಾಗ ಹೊಸದೇಕೆಂದು ಕೆಲವರು ಕೇಳುವರು. ಸರ್ವರಿಗೆ ಭಾರವಾಗುವುದು ಪುಸ್ತಕಗಳ ಸಂಖ್ಯೆಗಿಂತ ಹುಡುಕುವವರ ಸಂಖ್ಯೆಯು. ಹುಡುಕುವ ಅನುಕ್ರಮಣಿಕೆಯು ಯಂತ್ರದ ಮೆಮೊರಿಯಲ್ಲಿ ಹಿಡಿಸಿದರೆ ಉತ್ತರವು ಒಡನೆಯೇ ಬರುವುದು; ಹಿಡಿಸದೆ ಪ್ರತಿಸಲವೂ ಡಿಸ್ಕಿನಿಂದ ತರಬೇಕಾದರೆ ತಡವಾಗುವುದು. ಡಿಸ್ಕುಗಳು ಸವೆಯುತ್ತವೆ. ಬಿಡಿಭಾಗಗಳು ಸಿಕ್ಕುವುದು ನಿಂತುಹೋಗುತ್ತದೆ. ಹಳೆಯದಾದ ತಂತ್ರಾಂಶಕ್ಕೆ ರಕ್ಷಣೆಯ ತಿದ್ದುಪಡಿಗಳು ಬರುವುದೂ ನಿಂತಮೇಲೆ, ಓದುಗರ ಹೆಸರು, ವಿಳಾಸ, ಅವರು ಒಯ್ದ ಪುಸ್ತಕಗಳ ಪಟ್ಟಿ ಇವೆಲ್ಲವೂ ಪರರ ಕೈಗೆ ಬೀಳುವ ಭಯವುಂಟು. ನಮ್ಮ ಹೆಣ್ಣುಮಕ್ಕಳ ವಿವರಗಳ ವಿಷಯದಲ್ಲಿ ಈ ಭಯವನ್ನು ಹಗುರವಾಗಿ ಎಣಿಸಲಾಗದು. ಇದಲ್ಲದೆ ಒಂದು ಗ್ರಂಥಾಲಯದ ಚೀಟಿಪೆಟ್ಟಿಗೆಯು ಮುರಿದರೆ ತೊಂದರೆಯು ಅಲ್ಲಿಗೇ ಮುಗಿಯುತ್ತಿದ್ದಿತು. ಸಂಯುಕ್ತ ಸೂಚಿಯ ಸರ್ವರು ಕೆಟ್ಟರೆ ಎಲ್ಲ ಗ್ರಂಥಾಲಯಗಳ ಹುಡುಕಾಟವೂ ಒಂದೇ ಗಳಿಗೆಯಲ್ಲಿ ನಿಲ್ಲುವುದು.

ಆದುದರಿಂದ ನವೀಕರಣವನ್ನು ಯಂತ್ರವು ಕೆಟ್ಟಮೇಲೆ ಮಾಡುವ ಅವಸರದ ಕೆಲಸವಾಗಿಸದೆ, ಮೊದಲೇ ಯೋಚಿಸಿ ರಜಾದಿನಗಳಲ್ಲಿ ಮಾಡತಕ್ಕದ್ದು. ಎಲ್ಲ ವಿವರಗಳ ಪ್ರತಿಯನ್ನು ಬೇರೊಂದು ಸ್ಥಳದಲ್ಲಿಟ್ಟು, ಆ ಪ್ರತಿಯಿಂದ ಸೂಚಿಯನ್ನು ಪುನಃ ಕಟ್ಟಲು ಸಾಧ್ಯವೇ ಎಂದು ಮೊದಲು ಪರೀಕ್ಷಿಸಿ ನೋಡಬೇಕು. ಪರೀಕ್ಷಿಸದ ಪ್ರತಿಯನ್ನು ನಂಬುವುದು ಸುಟ್ಟಿದೆಯೋ ಇಲ್ಲವೋ ನೋಡದೆ ಮಡಕೆಗೆ ನೀರು ತುಂಬಿದಂತೆ. ಕನ್ನಡ ಪುಸ್ತಕಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯು ಬೇಕು. ಯೂನಿಕೋಡ್ ಬಳಕೆಗೆ ಬರುವ ಮೊದಲು ಒಂದೊಂದು ಅಕ್ಷರಶೈಲಿಗೆ ಅಂಟಿಕೊಂಡಂತೆ ಬರೆದಿಟ್ಟ ಕನ್ನಡ ಶೀರ್ಷಿಕೆಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೋರುವುವು. ಅವನ್ನು ಯೂನಿಕೋಡಿಗೆ ತಿದ್ದಿಯೇ ವರ್ಗಾಯಿಸಬೇಕು. ಇಲ್ಲವಾದರೆ ಪುಸ್ತಕವು ಕಪಾಟಿನಲ್ಲಿದ್ದರೂ ಹುಡುಕುವವರ ಪಾಲಿಗೆ ಇಲ್ಲದಂತೆಯೇ ಸರಿ.

ನಮ್ಮಂತಹ ಶಾಲೆಗಳಿಗೆ ಇದೆಲ್ಲ ಏಕೆ, ಮೊದಲು ಪುಸ್ತಕಗಳಿರಲಿ ಎಂಬ ಆಕ್ಷೇಪಣೆಯು ನ್ಯಾಯವಾದುದೇ. ಒಂದು ಶಾಲೆಯು ತನಗಾಗಿಯೇ ಸರ್ವರನ್ನು ಕೊಂಡು ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ನಿಲ್ಲಿಸಿಕೊಳ್ಳುವುದನ್ನು ನಾವೂ ಆಡಂಬರವೆಂದೇ ಹೇಳುವೆವು. ನಮ್ಮ ಮಾತು ಕೂಡಿ ಮಾಡುವ ಕೆಲಸದ ವಿಷಯವಾದುದು. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಚಿಕ್ಕ ಜಿಲ್ಲೆಯ ಗ್ರಂಥಾಲಯವು 1999ರಲ್ಲಿ ತನಗಾಗಿ ಬರೆಯಿಸಿದ ತಂತ್ರಾಂಶವನ್ನು 2000ದ ಆರಂಭದಲ್ಲಿ ಬಳಕೆಗೆ ತಂದು, ಲೋಕಕ್ಕೆಲ್ಲ ಉಚಿತವಾಗಿ ಬಿಟ್ಟುಕೊಟ್ಟಿತು. ಅದರ ಹೆಸರು ಕೋಹಾ. ಮಾವೋರಿ ಭಾಷೆಯಲ್ಲಿ ಹಾಗೆಂದರೆ ಕೊಡುಗೆ. ಭಾರತದ ಅನೇಕ ಗ್ರಂಥಾಲಯಗಳೂ ಇದನ್ನು ಬಳಸುತ್ತಿರುವುವು. ನಮ್ಮ ದೇಶದ ವಿಶ್ವವಿದ್ಯಾನಿಲಯಗಳ ಗ್ರಂಥಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಸಂಯುಕ್ತ ಸೂಚಿಯನ್ನು ಕಟ್ಟಿರುವುದು. ಪ್ರೌಢಶಾಲೆಗಳು ಐದಾರು ಸೇರಿ ಅದನ್ನೇ ಚಿಕ್ಕ ಪ್ರಮಾಣದಲ್ಲಿ ಏಕೆ ಮಾಡಬಾರದು? ತಂತ್ರಾಂಶಕ್ಕೆ ಬೆಲೆಯಿಲ್ಲ, ನಿಜ. ಆದರೆ ಕೊಡುಗೆಯಾಗಿ ಬಂದ ಹಸುವಿಗೂ ದಿನವೂ ಮೇವು ಹಾಕಬೇಕಷ್ಟೆ. ಯಂತ್ರಕ್ಕೂ ಅದನ್ನು ನೋಡಿಕೊಳ್ಳುವ ತಿಳಿವಳಿಕೆಯುಳ್ಳವರಿಗೂ ವರ್ಷವರ್ಷವೂ ಹಣವು ಬೇಕು. ಒಬ್ಬರಿಗೆ ಹೊರಲಾಗದ ಆ ವೆಚ್ಚವು ಹಂಚಿಕೊಂಡರೆ ಹಗುರವಾಗುವುದು.

ಇದು ನಮ್ಮ ನಾಡಿಗೆ ಹೊಸ ನೀತಿಯಲ್ಲ. ನಮ್ಮ ಹಿರಿಯರು ಕೆರೆಯನ್ನು ಕಟ್ಟಿಸಿ ಸುಮ್ಮನಾಗಲಿಲ್ಲ. ಅದರ ದುರಸ್ತಿಗೆಂದು ಭೂಮಿಯನ್ನೂ ಬಿಟ್ಟುಕೊಟ್ಟರು. ಕನ್ನಡ ಶಾಸನಗಳಲ್ಲಿ ಕಾಣುವ ಬಿಟ್ಟುವಟ್ಟ, ಕಟ್ಟುಕೊಡಗೆ ಎಂಬ ಶಬ್ದಗಳು ಇಂತಹ ದತ್ತಿಗಳನ್ನೇ ನೆನಪಿಗೆ ತರುವುವು. ಹೂಳೆತ್ತದ ಕೆರೆಯು ಎಷ್ಟು ದೊಡ್ಡದಾಗಿದ್ದರೇನು, ನೀರು ನಿಲ್ಲದು. ಸಂಯುಕ್ತ ಗ್ರಂಥಸೂಚಿಯನ್ನು ಸ್ಥಾಪಿಸುವವರೂ ಮೊದಲ ದಿನವೇ ಒಂದು ನವೀಕರಣ ನಿಧಿಯನ್ನಿಟ್ಟು, ಸೇರಿದ ಶಾಲೆಗಳೆಲ್ಲ ತಮ್ಮ ಶಕ್ತಿಗೆ ತಕ್ಕಂತೆ ಪ್ರತಿವರ್ಷವೂ ಅದಕ್ಕೆ ಪಾಲು ಹಾಕಬೇಕು.

ಕಪಾಟಿನ ಮೇಲೆ ದಾನಿಯ ಹೆಸರನ್ನು ಬರೆಯಿಸಬಹುದು. ಎಲ್ಲಿಯೋ ಬೀಗದ ಕೋಣೆಯಲ್ಲಿ ಗುಂಯ್‌ಗುಡುವ ಯಂತ್ರದ ಮೇಲೆ ಬರೆಯಿಸಿದ ಹೆಸರನ್ನು ಓದುವವರು ಯಾರು? ಆದರೂ ಹಳ್ಳಿಯ ಶಾಲೆಯೊಂದರಲ್ಲಿ ಕುಳಿತ ಹುಡುಗಿಯು ತನಗೆ ಬೇಕಾದ ಪುಸ್ತಕವು ಪಟ್ಟಣದ ಮತ್ತೊಂದು ಶಾಲೆಯಲ್ಲಿ ಇದೆಯೆಂದು ಕಂಡು, ಅದನ್ನು ಎರವಲು ತರಿಸಿಕೊಂಡು ಓದುವುದಾದರೆ, ಹೆಸರಿಲ್ಲದ ಆ ದಾನವು ವ್ಯರ್ಥವಾಗಲಿಲ್ಲವೆಂದು ತಿಳಿಯಬೇಕು. ಈ ಸಾರಿ ಶಾಲೆಗೆ ಏನು ಕೊಡೋಣವೆಂದು ಯೋಚಿಸುವವರು ಈ ಮೂರನೆಯ ಅಗತ್ಯವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನಾವು ವಿನಯಪೂರ್ವಕವಾಗಿ ಕೇಳಿಕೊಳ್ಳುವೆವು.