ಪಂಕ್ತಿಯ ನಡುವೆ ಉಗ್ರಾಣದ ಲೆಕ್ಕ



ಮದುವೆಮನೆಯಲ್ಲಿ ಪಂಕ್ತಿ ಕುಳಿತಿರುವಾಗ ಯಾರಾದರೂ ಉಗ್ರಾಣದ ಬಾಗಿಲು ಹಾಕಿಕೊಂಡು ಅಕ್ಕಿ-ಬೇಳೆಯ ಲೆಕ್ಕ ಬರೆಯುತ್ತಾರೆಯೇ? ಬಡಿಸುವವರು ಹೊರಗೇ ನಿಲ್ಲಬೇಕಾದೀತು! ನಿಮ್ಮಲ್ಲಿ ಹಲವರು ನೋಡಿಕೊಳ್ಳುವ ಡೇಟಾಬೇಸ್‌ಗಳಿಗೆ ಬ್ಯಾಕಪ್ ತೆಗೆಯುವಾಗ ಆಗುವುದೂ ಇದೇ. ಇದ್ದಬದ್ದ ದಾಖಲೆಯನ್ನೆಲ್ಲ ಓದುವುದರಲ್ಲಿ ಡಿಸ್ಕು ಮುಳುಗುತ್ತದೆ, ಅದನ್ನು ಒತ್ತಿ ಚಿಕ್ಕದಾಗಿಸಲು ಪ್ರೊಸೆಸರ್ ದಣಿಯುತ್ತದೆ, ಅತ್ತ ಗಿರಾಕಿ ಕಾಯುತ್ತಾನೆ. ದೂರು ಹೆಚ್ಚಿದಾಗ ಬ್ಯಾಕಪ್ಪನ್ನೇ ನಿಲ್ಲಿಸಿಬಿಡೋಣ ಎನಿಸುತ್ತದೆ. ಅಪಾಯವಿರುವುದು ಅಲ್ಲಿಯೇ.

ರಾತ್ರಿ ತೆಗೆದರಾಯಿತು ಎನ್ನುವ ಹಳೆಯ ಉಪಾಯ ಈಗ ಎಲ್ಲ ಕಡೆ ಸಲ್ಲದು. ಬ್ಯಾಂಕುಗಳ ಎನ್‌ಇಎಫ್‌ಟಿ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ಹಗಲಿರುಳೂ ನಡೆಯುತ್ತಿವೆ. ಅಂಥಲ್ಲಿ ಪಂಕ್ತಿ ಏಳುವುದೇ ಇಲ್ಲ.

ಹಾಗಾದರೆ ದಾರಿ? ಮೊದಲನೆಯದು, ಬಾಗಿಲು ಹಾಕದಿರುವುದು. ಮೈಎಸ್‌ಕ್ಯೂಎಲ್‌ನಲ್ಲಿ ಕೋಷ್ಟಕಗಳು ಇನ್ನೋಡಿಬಿ ಬಗೆಯವಾಗಿದ್ದರೆ, ಡಂಪ್ ತೆಗೆಯುವಾಗ 'ಸಿಂಗಲ್ ಟ್ರಾನ್ಸಾಕ್ಷನ್' ಎಂಬ ಆಯ್ಕೆ ಕೊಡಿ. ಶುರುವಾದ ಗಳಿಗೆಯಲ್ಲಿ ಲೆಕ್ಕ ಹೇಗಿತ್ತೋ ಹಾಗೆಯೇ ಪ್ರತಿ ಸಿಗುತ್ತದೆ, ಬರೆಯುವವರಿಗೂ ತಡೆಯಿಲ್ಲ. ಹಳೆಯ ಮೈಐಸ್ಯಾಮ್ ಕೋಷ್ಟಕಗಳಿಗೆ ಈ ಅನುಕೂಲವಿಲ್ಲ.

ಎರಡನೆಯದು, ಆತುರಪಡದಿರುವುದು. ಪೋಸ್ಟ್‌ಗ್ರೆಸ್‌ನ 'ಬೇಸ್ ಬ್ಯಾಕಪ್'ನಲ್ಲಿ 'ಮ್ಯಾಕ್ಸ್ ರೇಟ್' ಎಂದು ವೇಗಕ್ಕೆ ಮಿತಿ ಹಾಕಬಹುದು. ಹೊತ್ತು ಹೆಚ್ಚು ಹಿಡಿದರೂ ಗಿರಾಕಿಯ ಕೆಲಸ ನಿಲ್ಲದು.

ಮೂರನೆಯದು, ಇನ್ನೊಂದು ಯಂತ್ರದಲ್ಲಿ ಜೊತೆಜೊತೆಗೇ ನಡೆಯುವ ಪಡಿಯಚ್ಚು, ಅಂದರೆ ರೆಪ್ಲಿಕಾ ಇಟ್ಟುಕೊಂಡು ಅದರಿಂದಲೇ ಬ್ಯಾಕಪ್ ತೆಗೆಯುವುದು. ಆದರೆ ರೆಪ್ಲಿಕಾವನ್ನೇ ಬ್ಯಾಕಪ್ ಎಂದುಕೊಳ್ಳಬೇಡಿ. ಇಲ್ಲಿ ತಪ್ಪಿ ಅಳಿಸಿದ್ದು ಅಲ್ಲಿಯೂ ಅಳಿದುಹೋಗುತ್ತದೆ.

ನಾಲ್ಕನೆಯದು, ದಿನವೂ ಎಲ್ಲವನ್ನೂ ಎತ್ತದೆ ಬದಲಾದದ್ದನ್ನಷ್ಟೇ ತೆಗೆಯುವುದು. ಪೋಸ್ಟ್‌ಗ್ರೆಸ್‌ನಲ್ಲಿ ಇದು 2024ರ 17ನೇ ಆವೃತ್ತಿಯಿಂದ ಒಳಗೇ ಬಂದಿದೆ.

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಉಳಿಯುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರ ಕೈತಪ್ಪಿನಿಂದ ಮುಖ್ಯ ಡೇಟಾಬೇಸೇ ಅಳಿಸಿಹೋಯಿತು. ನಿತ್ಯದ ಬ್ಯಾಕಪ್ ಹುಡುಕಿದರೆ, ಆವೃತ್ತಿಗಳು ಹೊಂದದೆ ಅದು ಆಗುತ್ತಲೇ ಇರಲಿಲ್ಲವೆಂದು ಆಗ ಗೊತ್ತಾಯಿತು! ಸುಮಾರು 6 ಗಂಟೆ ಮೊದಲು ಬೇರಾವುದೋ ಪರೀಕ್ಷೆಗೆಂದು ತೆಗೆದಿಟ್ಟ ಪ್ರತಿಯೊಂದು ಅವರ ಕೈಹಿಡಿಯಿತು. ನಡುವಿನ ಡೇಟಾ ಹೋದದ್ದು ಹೋಯಿತು.

ಆದ್ದರಿಂದ ತಿಂಗಳಿಗೊಮ್ಮೆಯಾದರೂ ನಿಮ್ಮ ಬ್ಯಾಕಪ್ಪನ್ನು ಬೇರೊಂದು ಯಂತ್ರಕ್ಕೆ ಪೂರ್ತಿ ಇಳಿಸಿ ನೋಡಿ. ಡಬ್ಬಿಯ ಮೇಲೆ 'ತೊಗರಿಬೇಳೆ' ಎಂದು ಬರೆದಿದ್ದರೆ ಸಾಲದು. ಮುಚ್ಚಳ ತೆಗೆದು ನೋಡಿರಬೇಕು.