ಸಾಹಸವೋ, ಸಾಹಸಾಭಾಸವೋ?

ಡೋರಿಸ್ ಲೆಸಿಂಗ್ ಎಂಬ ಆಂಗ್ಲ ಲೇಖಕಿ 1955ರಲ್ಲಿ ಪ್ರಕಟಿಸಿದ ‘ಥ್ರೂ ದ ಟನಲ್’ ಎಂಬ ಸಣ್ಣಕಥೆಯು ಇಂಗ್ಲಿಷ್ ಪಾಠಪುಸ್ತಕಗಳಲ್ಲಿ ಸೇರಿ ಪ್ರಸಿದ್ಧವಾಗಿದೆ. ಹನ್ನೊಂದು ವರ್ಷದ ಜೆರ್ರಿಯು ವಿಧವೆಯಾದ ತಾಯಿಯೊಡನೆ ಪರದೇಶದ ಕಡಲತೀರಕ್ಕೆ ರಜೆ ಕಳೆಯಲು ಬಂದಿದ್ದಾನೆ. ಅಲ್ಲಿಯ ದೊಡ್ಡ ಹುಡುಗರು ನೀರೊಳಗಣ ಬಂಡೆಯ ಸುರಂಗವನ್ನು ಈಜಿ ದಾಟುವುದನ್ನು ಕಂಡು, ತಾನೂ ದಾಟಿಯೇ ತೀರುವೆನೆಂದು ಹಟ ತೊಡುತ್ತಾನೆ. ದಿನದಿನವೂ ಉಸಿರು ಕಟ್ಟುವುದನ್ನು ಅಭ್ಯಾಸ ಮಾಡುತ್ತಾನೆ. ಮೂಗಿನಿಂದ ರಕ್ತ ಸುರಿದರೂ ಬಿಡುವುದಿಲ್ಲ. ಕಡೆಗೊಂದು ದಿನ ಅರೆಪ್ರಜ್ಞೆಯಲ್ಲಿ ಸುರಂಗದಿಂದ ಹೊರಬೀಳುತ್ತಾನೆ. ತಾಯಿಗೆ ಮಾತ್ರ ಸುರಂಗದ ಸುದ್ದಿಯನ್ನೇ ಎತ್ತುವುದಿಲ್ಲ.

‘ಬಾಲಕನು ಪುರುಷನಾದನು; ಇದೇ ಕಥೆಯ ತಾತ್ಪರ್ಯ’ ಎಂದು ಬೋಧಿಸುವವರುಂಟು. ಕಥೆಯ ರಚನೆ ಉತ್ತಮವಾದುದೆಂಬುದು ನಿರ್ವಿವಾದ. ಈ ತಾತ್ಪರ್ಯವು ಮಾತ್ರ ಅಸಾಧು. ಹುಡುಗನು ಬದುಕಿ ಬಂದನೆಂಬುದರಿಂದಲೇ ಕಾರ್ಯವು ಶ್ಲಾಘ್ಯವಾಗುವುದಾದರೆ, ಸುರಂಗವು ಇನ್ನೆರಡು ಮಾರು ಉದ್ದವಿದ್ದಿದ್ದರೆ ಅದೇ ಕಾರ್ಯವನ್ನು ಏನೆಂದು ಕರೆಯಬೇಕಾಗಿತ್ತು? ಫಲವನ್ನು ನೋಡಿ ಗುಣವನ್ನು ನಿರ್ಣಯಿಸುವುದು ಜೂಜುಗಾರನ ತರ್ಕ. ಸಂಸ್ಕೃತದಲ್ಲಿ ಸಾಹಸವೆಂಬ ಶಬ್ದಕ್ಕೆ ದುಡುಕೆಂಬ ಅರ್ಥವೂ ಉಂಟೆಂಬುದನ್ನು ಇಂಥವರು ಮರೆತಂತಿದೆ.

‘ಅವನು ದುಡುಕಲಿಲ್ಲ, ಕ್ರಮವಾಗಿ ಅಭ್ಯಾಸ ಮಾಡಿದನಲ್ಲವೆ?’ ಎಂಬ ಆಕ್ಷೇಪ ಬರಬಹುದು. ಅಭ್ಯಾಸವು ಮೆಚ್ಚತಕ್ಕದ್ದೇ. ಆದರೆ ಉಸಿರಿನ ವಿಷಯದಲ್ಲಿ ಮನೋಬಲವೊಂದೇ ಸಾಲದು. ಉಸಿರಾಡೆಂದು ದೇಹವನ್ನು ಮುಖ್ಯವಾಗಿ ಎಚ್ಚರಿಸುವುದು ರಕ್ತದಲ್ಲಿ ಕೂಡುವ ಅಂಗಾರಾಮ್ಲವಾಯು. ಮುಳುಗುವ ಮುನ್ನ ಪದೇಪದೇ ದೀರ್ಘಶ್ವಾಸ ಎಳೆದು ಬಿಟ್ಟವನಲ್ಲಿ ಆ ವಾಯು ತಗ್ಗಿ, ಎಚ್ಚರಿಕೆ ತಡವಾಗುತ್ತದೆ; ಅಷ್ಟರಲ್ಲಿ ಆಮ್ಲಜನಕ ಕುಗ್ಗಿ, ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ನುರಿತ ಈಜುಗಾರರೂ ಹೀಗೆ ಪ್ರಾಣ ನೀಗಿದ್ದಾರೆ. ದಡದಲ್ಲಿ ನೋಡುವವನೊಬ್ಬನಿದ್ದರೆ ಎಳೆದು ಬದುಕಿಸಬಹುದು. ಗುಟ್ಟಾಗಿ ಮುಳುಗಿದವನಿಗೆ ಅದೂ ಇಲ್ಲ.

ಬಾಲಕರ ಧೈರ್ಯವನ್ನು ನಮ್ಮ ಗ್ರಂಥಗಳೂ ಕೊಂಡಾಡಿವೆ. ಕಠೋಪನಿಷತ್ತಿನ ನಚಿಕೇತನು ಯಮನ ಮನೆಗೇ ಹೋದನು. ಆದರೆ ಅವನು ಬೇಡಿದ ಮೊದಲ ವರವು ತಂದೆಯ ಮನಸ್ಸಿಗೆ ಶಾಂತಿಯಾಗಲೆಂಬುದು. ಅಭಿಮನ್ಯುವು ವ್ಯೂಹದಿಂದ ಹೊರಬರುವ ಬಗೆ ತನಗೆ ತಿಳಿಯದೆಂದು ಧರ್ಮರಾಯನೆದುರಿಗೆ ಬಾಯಿಬಿಟ್ಟು ಹೇಳಿಯೇ ಒಳಹೊಕ್ಕನು. ಇವರ ಧೈರ್ಯದಲ್ಲಿ ಗುಟ್ಟಿಲ್ಲ. ಜೆರ್ರಿಯ ಧೈರ್ಯಕ್ಕೆ ಕೊರತೆಯಾದುದು ಇದೊಂದೇ. ಆದರೆ ಈ ಕೊರತೆ ಸಣ್ಣದಲ್ಲ.

ಹಾಗೆಂದು ಕಥೆಯನ್ನು ಮಕ್ಕಳಿಂದ ಮುಚ್ಚಿಡಬೇಕೆನ್ನುವವರ ಪಕ್ಷವೂ ಸರಿಯಲ್ಲ. ಲೇಖಕಿಯು ಜಯಭೇರಿ ಹೊಡೆದಿಲ್ಲ. ಗೆದ್ದ ಹುಡುಗನಿಗೆ ಆ ಬಂಡೆಯ ಕೊಲ್ಲಿಯೇ ಬೇಡವಾಗುತ್ತದೆ. ಮಗನನ್ನು ಬಿಗಿಹಿಡಿಯಬಾರದು, ಕೈಬಿಡಲೂಬಾರದು ಎಂದು ತೊಳಲುವ ತಾಯಿಯನ್ನು ಆಕೆ ಕರುಣೆಯಿಂದ ಚಿತ್ರಿಸಿದ್ದಾಳೆ. ದೋಷವು ಕಥೆಯದಲ್ಲ, ವ್ಯಾಖ್ಯಾನದ್ದು.

ನಮ್ಮ ನಾಡಿನಲ್ಲಿಯೂ ಬೇಸಗೆಯ ರಜೆ ಬಂತೆಂದರೆ ಕೆರೆಗಳಲ್ಲಿ, ಬಾವಿಗಳಲ್ಲಿ, ಕಲ್ಲುಗಣಿಯ ಹೊಂಡಗಳಲ್ಲಿ ಮಕ್ಕಳು ಮುಳುಗಿದ ವಾರ್ತೆ ತಪ್ಪುವುದಿಲ್ಲ. ಆ ಮಕ್ಕಳಲ್ಲಿ ಧೈರ್ಯಕ್ಕೆ ಬಡತನವಿರಲಿಲ್ಲ. ಆದುದರಿಂದ ಈ ಕಥೆಯನ್ನು ಪಾಠ ಹೇಳುವವರು ‘ಜೆರ್ರಿ ಹೇಗೆ ಗೆದ್ದನು?’ ಎಂದು ಕೇಳಿ ಮುಗಿಸದಿರಲಿ. ‘ತಾಯಿಗೆ ಏಕೆ ಹೇಳಲಿಲ್ಲ? ಹೇಳಿದ್ದರೆ ಆಕೆ ಏನು ಮಾಡಬೇಕಾಗಿತ್ತು?’ ಎಂದೂ ಕೇಳಲಿ. ಮೊದಲ ಪ್ರಶ್ನೆಗೆ ಮಕ್ಕಳು ಉತ್ತರ ಹೇಳಲಿ. ಎರಡನೆಯದಕ್ಕೆ ಮನೆಮನೆಯ ಹಿರಿಯರು ಉತ್ತರ ಸಿದ್ಧಮಾಡಿಕೊಳ್ಳಲಿ.