ಒಂದು ಹಾಳೆ ಕೊಟ್ಟು ಕೈ ತೊಳೆದುಕೊಂಡರೆ ಆಯಿತೇ?

ಮನೆಯಲ್ಲಿ ಕಿಡ್ನಿ ಕಾಯಿಲೆಯವರಿದ್ದರೆ ಆ ಹಾಳೆಯನ್ನು ನೀವೂ ನೋಡಿರುತ್ತೀರಿ. ಜೆರಾಕ್ಸಿನ ಮೇಲೆ ಜೆರಾಕ್ಸ್ ತೆಗೆದು ಅರ್ಧ ಅಕ್ಷರ ಅಳಿಸಿಹೋಗಿರುತ್ತದೆ. ಒಂದು ಕಡೆ ‘ತಿನ್ನಬಾರದು’, ಇನ್ನೊಂದು ಕಡೆ ‘ತಿನ್ನಬಹುದು’. ತಿನ್ನಬಾರದ ಪಟ್ಟಿ ಬಾಳೆಹಣ್ಣಿನಿಂದ ಶುರುವಾಗಿ ಎಳನೀರು, ಸೊಪ್ಪು, ಕಾಳು, ರಾಗಿ, ಟೊಮೆಟೊ, ಆಲೂಗಡ್ಡೆ, ತೆಂಗಿನಕಾಯಿ, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಎಂದು ಹಾಳೆಯ ತಳ ಮುಟ್ಟುತ್ತದೆ. ತಿನ್ನಬಹುದಾದ ಕಡೆ ಅನ್ನ, ಸೋರೆಕಾಯಿ, ಹೀರೆಕಾಯಿ, ಸೇಬು. ಡಿಸ್ಚಾರ್ಜ್ ಕಾಗದದ ಹಿಂದೆ ಪಿನ್ ಹೊಡೆದು ಕೊಡುತ್ತಾರೆ. ‘ಡಯಟ್ ಎಲ್ಲಾ ಇದರಲ್ಲೇ ಇದೆ, ಓದ್ಕೊಳ್ಳಿ.’ ಮುಗಿಯಿತು. ಕಾಯಿಲೆ ಯಾವ ಹಂತದಲ್ಲಿದೆ, ತೂಕ ಎಷ್ಟು, ಶುಗರ್ ಇದೆಯೇ, ಮೂತ್ರ ಎಷ್ಟು ಹೋಗುತ್ತಿದೆ, ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ, ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ? ಒಂದು ಪ್ರಶ್ನೆಯೂ ಇಲ್ಲ.

ನನ್ನ ಸಿಟ್ಟೆಲ್ಲ ಆ ಹಾಳೆಯ ಮೇಲೆ. ಯಂತ್ರ ಕೆಟ್ಟು ನಿಂತರೆ, ಡಾಕ್ಟರು ತಡವಾಗಿ ಬಂದರೆ, ಇಂಜೆಕ್ಷನ್ ಹೊರಗಿನಿಂದ ತನ್ನಿ ಎಂದರೆ ಹೇಗೋ ಸಹಿಸಿಕೊಳ್ಳುತ್ತೇವೆ. ಇದನ್ನು ಮಾತ್ರ ಕ್ಷಮಿಸಲು ನನ್ನಿಂದಾಗುವುದಿಲ್ಲ. ಇದಕ್ಕೆ ಹೊಸ ಯಂತ್ರ ಬೇಕಿರಲಿಲ್ಲ, ಟೆಂಡರ್ ಕರೆಯಬೇಕಿರಲಿಲ್ಲ. ಊಟದ ವಿಷಯ ಬಲ್ಲವರೊಬ್ಬರು ರೋಗಿಯ ಎದುರು ಕಾಲು ಗಂಟೆ ಕೂತು ಮಾತಾಡಿದ್ದರೆ ಸಾಕಿತ್ತು.

ನಮ್ಮ ಮನೆಯವರನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ನೀವು ಹೋಗುವ ಕಡೆಯೂ ಹೀಗೇ ಇದ್ದರೆ ನನಗೇನೂ ಆಶ್ಚರ್ಯವಿಲ್ಲ. ಅಲ್ಲಿನ ಜಗಲಿಯಲ್ಲಿ ಕಂಡದ್ದು ಇದು. ಪಕ್ಕದ ಹಳ್ಳಿಯ ಒಬ್ಬರು, ಐವತ್ತು ದಾಟಿರಬಹುದು, ಡಯಾಲಿಸಿಸ್ ಸೂಜಿ ಚುಚ್ಚುವ ಫಿಸ್ಟುಲಾ ಕೈಗೆ ಹತ್ತಿ ಒತ್ತಿ ಹಿಡಿದುಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಹೆಂಡತಿ ಡಬ್ಬಿ ಬಿಚ್ಚಿದಳು. ಬಿಳಿ ಅನ್ನ, ಬೇಯಿಸಿದ ಸೋರೆಕಾಯಿ. ಉಪ್ಪಿಲ್ಲ, ಖಾರವಿಲ್ಲ, ಸಾಸಿವೆ ಒಗ್ಗರಣೆ ಕೂಡ ಇಲ್ಲ. ಎರಡು ತುತ್ತು ತಿಂದು ಮುಚ್ಚಳ ಹಾಕಿದರು. ‘ಒಂದು ಮೊಟ್ಟೆಯಾದರೂ ಕೊಡಬಾರದೇನಮ್ಮ?’ ಎಂದು ಕೇಳಿದೆ. ‘ಅಯ್ಯೋ, ಚೀಟೀಲಿ ಬ್ಯಾಡ ಅಂತ ಬರ್ದವ್ರೆ ಕಣಕ್ಕ. ಪ್ರೋಟೀನು ಇವ್ರಿಗೆ ವಿಸ ಅಂತೆ.’ ಚೀಟಿ ಯಾವಾಗ ಕೊಟ್ಟದ್ದು? ಡಯಾಲಿಸಿಸ್ ಶುರುವಾಗುವುದಕ್ಕೆ ಮುಂಚೆ.

ಇದರ ಅರ್ಥ ಏನೆಂದು ಬಿಡಿಸಿ ಹೇಳುತ್ತೇನೆ. ಕಿಡ್ನಿ ಸೋಲುತ್ತಾ ಬರುವಾಗ, ಡಯಾಲಿಸಿಸ್ ಇನ್ನೂ ಶುರುವಾಗದೆ ಇರುವಾಗ, ಪ್ರೋಟೀನು ಹಿಡಿತದಲ್ಲಿರಲಿ ಎನ್ನುತ್ತಾರೆ. ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು 0.6ರಿಂದ 0.8 ಗ್ರಾಂ. ಉಳಿದಿರುವ ಕಿಡ್ನಿಯ ಮೇಲೆ ಭಾರ ಬೀಳದಿರಲಿ ಎಂಬ ಲೆಕ್ಕ ಅದು. ಡಯಾಲಿಸಿಸ್ ಶುರುವಾದ ದಿನದಿಂದ ಲೆಕ್ಕ ತಿರುಗುಮುರುಗಾಗುತ್ತದೆ. ಯಂತ್ರ ಕಸವನ್ನು ತೆಗೆಯುವಾಗ ರಕ್ತದಲ್ಲಿರುವ ಅಮೈನೋ ಆಮ್ಲಗಳನ್ನೂ ಪ್ರತಿ ಸಲ ಒಂದಿಷ್ಟು ತೊಳೆದುಕೊಂಡು ಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಕಿಲೋಗೆ 1.0ರಿಂದ 1.2 ಗ್ರಾಂ ಬೇಕು. 60 ಕಿಲೋ ತೂಗುವವರಿಗೆ ದಿನಕ್ಕೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಆ ಮನುಷ್ಯ ಡಬ್ಬಿಯಲ್ಲಿ ತಂದ ಅನ್ನ ಸೋರೆಕಾಯಿಯಿಂದ ಎಷ್ಟು ಸಿಕ್ಕೀತು? ನೀವೇ ಕೂಡಿಸಿ ನೋಡಿ.

ಇನ್ನೂ ಭಯದ ಮಾತು ಒಂದಿದೆ. ಹೊಟ್ಟೆಗಿಲ್ಲದೆ ಮಾಂಸಖಂಡ ಕರಗುತ್ತದೆ, ಆದರೆ ತೂಕದ ಯಂತ್ರ ಅದನ್ನು ತೋರಿಸುವುದಿಲ್ಲ. ಕರಗಿದ ಮಾಂಸದ ಜಾಗದಲ್ಲಿ ನೀರು ನಿಂತು ತೂಕ ಹೋದ ತಿಂಗಳಷ್ಟೇ ಇರುತ್ತದೆ. ‘ಡ್ರೈ ವೇಟ್ (ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ) ಸರಿಯಾಗಿದೆ’ ಎಂದು ಬರೆದುಕೊಳ್ಳುತ್ತಾರೆ, ಮನೆಯವರೂ ಸಮಾಧಾನಪಡುತ್ತಾರೆ. ತೋಳು ಹಿಡಿದರೆ ಮೂಳೆ ಸಿಗುತ್ತದೆ, ಪಾದ ಒತ್ತಿದರೆ ಗುಳಿ ಬೀಳುತ್ತದೆ. ರಕ್ತದ ರಿಪೋರ್ಟಿನಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿನ ಸಾಲು ಕೆಳಗಿಳಿಯುತ್ತಿರುತ್ತದೆ. ಎಲ್ಲರ ಕಣ್ಣೂ ಕ್ರಿಯಾಟಿನಿನ್ ಮೇಲೆ, ಅಲ್ಬುಮಿನ್ ನೋಡುವವರಾರು? ಕಾಯಿಲೆಯಿಂದ ಸತ್ತರು ಎಂದು ನಾವು ಹೇಳುವವರಲ್ಲಿ ಹಸಿವಿನಿಂದ ಸತ್ತವರೂ ಇದ್ದಾರೆ. ಅನ್ನ ಇರುವ ಮನೆಯಲ್ಲಿ, ಪ್ರೀತಿಯಿಂದ ನೋಡಿಕೊಳ್ಳುವವರ ಕೈಯಲ್ಲಿ, ಒಂದು ಹಾಳೆಯ ಮಾತು ಕೇಳಿ.

ಒಂದೇ ಹಾಳೆಯಾದರೆ ಹೇಗೋ ಆಗುತ್ತಿತ್ತು. ನಮ್ಮಲ್ಲಿ ಕಿಡ್ನಿ ಹೋಗುವುದು ಬಹಳ ಸಲ ಶುಗರಿನಿಂದ, ಬಿ.ಪಿ.ಯಿಂದ. ಶುಗರಿನ ಡಾಕ್ಟರು ಆಗಲೇ ಒಂದು ಹಾಳೆ ಕೊಟ್ಟಿರುತ್ತಾರೆ: ಅನ್ನ ಕಡಿಮೆ ಮಾಡಿ, ರಾಗಿ, ಸೊಪ್ಪು, ಮೊಳಕೆ ಕಾಳು ಜಾಸ್ತಿ ತಿನ್ನಿ. ಕಿಡ್ನಿ ಹಾಳೆ ಹೇಳುತ್ತದೆ: ರಾಗಿ ಬೇಡ, ಸೊಪ್ಪು ಬೇಡ, ಕಾಳು ಬೇಡ. ಎರಡನ್ನೂ ಪಾಲಿಸಿದರೆ ತಟ್ಟೆಯಲ್ಲಿ ಉಳಿಯುವುದು ಗಾಳಿ. ಇನ್‌ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ದಬಕ್ಕನೆ ಇಳಿಯುತ್ತದೆ. ಕಿಡ್ನಿ ಸೋತವರಲ್ಲಿ ಇನ್‌ಸುಲಿನ್ ಹೆಚ್ಚು ಹೊತ್ತು ಮೈಯಲ್ಲೇ ಉಳಿಯುವುದರಿಂದ ಅದು ಇನ್ನೂ ಅಪಾಯ. ಬಿ.ಪಿ.ಗೆ ಉಪ್ಪು ಬಿಡಿ ಎಂದಾಗ ಯಾರೋ ಬುದ್ಧಿವಂತರು ಅಂಗಡಿಯಿಂದ ‘ಲೋ ಸೋಡಿಯಂ’ ಉಪ್ಪು ತಂದುಕೊಡುತ್ತಾರೆ. ಅದರಲ್ಲಿ ಸೋಡಿಯಂ ಬದಲು ಸೇರಿಸುವುದು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್. ಪೊಟ್ಯಾಸಿಯಂ ಏರಿದ ಕಿಡ್ನಿ ರೋಗಿಯ ಹೃದಯ ನಿಲ್ಲಿಸಲು ಅದಕ್ಕೆ ಶಕ್ತಿಯಿದೆ. ಬಾಳೆಹಣ್ಣು ಬೇಡ ಎಂದು ದಪ್ಪ ಅಕ್ಷರದಲ್ಲಿ ಬರೆದ ಹಾಳೆಗಳಲ್ಲಿ ಈ ಉಪ್ಪಿನ ಹೆಸರನ್ನು ನಾನು ಕಂಡಿಲ್ಲ.

ಕೋಲಾ ಬಾಟಲಿಯ ಹೆಸರೂ ಅಲ್ಲಿಲ್ಲ. ಹೆಸರುಕಾಳಿನಲ್ಲಿರುವ ರಂಜಕ, ಅಂದರೆ ಫಾಸ್ಫರಸ್, ಕಾಳಿನಲ್ಲೇ ಬಿಗಿದುಕೊಂಡಿರುವುದರಿಂದ ಅದರಲ್ಲಿ ಒಂದು ಪಾಲು ಮಾತ್ರ ಮೈಗೆ ಸೇರುತ್ತದೆ. ಪ್ಯಾಕೆಟ್ ತಿಂಡಿಗೆ, ಕೋಲಾಕ್ಕೆ ಬೆರೆಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ಕಾಳು ನಿಷಿದ್ಧ, ಕೋಲಾ ಆಸ್ಪತ್ರೆಯ ಕ್ಯಾಂಟೀನಿನ ಫ್ರಿಜ್ಜಿನಲ್ಲೇ ತಣ್ಣಗೆ ಕೂತಿದೆ! ರಂಜಕ ಹಿಡಿದಿಡಲು ಕೊಡುವ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು, ಆಗ ಮಾತ್ರ ಅದು ಕೆಲಸ ಮಾಡುತ್ತದೆ. ರಾತ್ರಿ ಮಲಗುವಾಗ ಖಾಲಿ ಹೊಟ್ಟೆಗೆ ನುಂಗುವವರನ್ನು ಅದೇ ಜಗಲಿಯಲ್ಲಿ ಕಂಡಿದ್ದೇನೆ. ಅವರಿಗೆ ಯಾರೂ ಹೇಳಿಲ್ಲ.

ಆಸ್ಪತ್ರೆಯವರನ್ನಷ್ಟೇ ಬೈದು ನಾವು ಸಾಚಾ ಎಂದು ಕೂರುವ ಹಾಗಿಲ್ಲ. ಹಾಳೆಗೆ ಪೊಲೀಸು ಕೆಲಸ ಮಾಡುವವರು ನಾವೇ. ಮದುವೆಮನೆಯಲ್ಲಿ ಪಂಕ್ತಿಗೆ ಕೂತವರ ಎಲೆಯ ಮೇಲೆ ಬಗ್ಗಿ, ‘ಅಯ್ಯೋ ನಿಮಗೆ ಪಲ್ಯ ಬಡಿಸಿಬಿಟ್ರಾ?’ ಎಂದು ಎಲ್ಲರಿಗೂ ಕೇಳುವಂತೆ ಕೂಗುವ ಅತ್ತೆ, ಚಿಕ್ಕಮ್ಮ, ಭಾವ ನಿಮ್ಮ ಮನೆಯಲ್ಲಿಲ್ಲವೇ? ಅದೇ ಜನ ಮರುದಿನ ವಾಟ್ಸ್‌ಆ್ಯಪಿನಲ್ಲಿ ಮದ್ದು ಕಳಿಸುತ್ತಾರೆ. ದಿನಾ ಎಳನೀರು ಕುಡಿಸಿ, ಕಿಡ್ನಿ ತಂಪಾಗುತ್ತದೆ. ಬಾಳೆದಿಂಡಿನ ರಸ ಹಿಂಡಿಕೊಡಿ. ಮಲೆನಾಡಿನ ಕಡೆಯ ನೆಂಟರು ಧಾರೆಹುಳಿ (ಸ್ಟಾರ್ ಫ್ರೂಟ್) ಜ್ಯೂಸು ಎನ್ನುತ್ತಾರೆ. ಎಳನೀರು, ಬಾಳೆದಿಂಡು ಎರಡರಲ್ಲೂ ಪೊಟ್ಯಾಸಿಯಂ ತುಂಬಿದೆ. ಧಾರೆಹುಳಿಯಂತೂ ಕಿಡ್ನಿ ಸೋತವರಿಗೆ ನೇರ ವಿಷ. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು, ಪ್ರಾಣವೂ ಹೋಗಿದೆ. ಹೋಳಿಗೆಯ ಚೂರನ್ನು ಕಿತ್ತುಕೊಳ್ಳುವ ಕೈಯೇ ಇದನ್ನು ಲೋಟಕ್ಕೆ ಸುರಿದು ‘ಕಣ್ಮುಚ್ಚಿ ಕುಡಿದುಬಿಡಿ’ ಎನ್ನುತ್ತದೆ. ದಯವಿಟ್ಟು ನಿಲ್ಲಿಸಿ.

ರುಚಿ ಕೇಳಿದರೆ ಅದೊಂದು ದುರಾಸೆ ಎಂಬಂತೆ ನೋಡುವುದನ್ನೂ ನಿಲ್ಲಿಸಿ. ಈ ಕಾಯಿಲೆ ಮೊದಲು ಕಿತ್ತುಕೊಳ್ಳುವುದೇ ನಾಲಿಗೆಯನ್ನು. ರಕ್ತದಲ್ಲಿ ಯೂರಿಯಾ ಏರಿದಂತೆ ಬಾಯಿಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ಕಹಿ, ಬೆಳಿಗ್ಗೆ ಎದ್ದರೆ ವಾಕರಿಕೆ. ತಿನ್ನುವ ಮನಸ್ಸೇ ಇಲ್ಲದವರಿಗೆ ಉಪ್ಪು, ಹುಳಿ, ಖಾರ ಎಲ್ಲವನ್ನೂ ಒಂದೇ ದಿನ ನಿಲ್ಲಿಸಿ ‘ತಿನ್ನು’ ಎಂದರೆ ಹೇಗೆ ತಿಂದಾರು? ಬಿಡಬೇಕಾದದ್ದು ಹೆಚ್ಚುವರಿ ಉಪ್ಪು. ಸಾರು, ಪಲ್ಯ, ಚಟ್ನಿ ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಮಚ ದಾಟದಿದ್ದರಾಯಿತು. ಒಗ್ಗರಣೆ ಬಿಡಿ ಎಂದು ಯಾವ ಡಾಕ್ಟರೂ ಹೇಳಿಲ್ಲ. ಜೀರಿಗೆ, ಮೆಣಸು, ಶುಂಠಿ, ಬೆಳ್ಳುಳ್ಳಿ, ಇಂಗು, ಕರಿಬೇವು ಏನು ತಪ್ಪು ಮಾಡಿದ್ದವು?

ಹಾಳೆ ಬರೆದವರು ನಮ್ಮ ಅಡುಗೆಮನೆಯೊಳಗೆ ಒಂದು ಸಲ ಇಣುಕಿದ್ದರೂ ಸಾಕಿತ್ತು. ಬಸ್ಸಾರು ಮಾಡುವ ಸೀಮೆ ನಮ್ಮದು. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದು, ಆ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ ಮಾಡುತ್ತೇವೆ. ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ಸೊಪ್ಪು ತರಕಾರಿಯನ್ನು ಸಣ್ಣಗೆ ಹೆಚ್ಚಿ ಧಾರಾಳ ನೀರಿನಲ್ಲಿ ಬೇಯಿಸಿ ಬಸಿದರೆ ಅದರ ದೊಡ್ಡ ಪಾಲು ಕಟ್ಟಿಗೆ ಇಳಿದುಬಿಡುತ್ತದೆ. ಸಾರು ಮನೆಮಂದಿಗೆ, ಚೆನ್ನಾಗಿ ಬಸಿದ ಪಲ್ಯದ ಒಂದು ಪಾಲು ಕಾಯಿಲೆಯವರಿಗೆ. ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಇಳಿಸುವಾಗ ನಾಲ್ಕು ಹನಿ ನಿಂಬೆಹುಳಿ ಹಿಂಡಿದರೆ ಉಪ್ಪು ಕಡಿಮೆಯಾದದ್ದು ಅಷ್ಟಾಗಿ ತಿಳಿಯುವುದಿಲ್ಲ. ಅದರ ಜೊತೆಗೆ ಬಿಸಿ ಅಕ್ಕಿರೊಟ್ಟಿ. ನಮ್ಮ ಮನೆಯವರು ಅದನ್ನು ತಿಂದು ಬೆರಳು ನೆಕ್ಕುವುದನ್ನು ನೋಡಬೇಕು ನೀವು. ಪೊಟ್ಯಾಸಿಯಂ ಹದ್ದಿನಲ್ಲಿರುವ ಎಷ್ಟೋ ಜನರಿಗೆ ಇಷ್ಟು ಬಸಿಯುವುದೂ ಬೇಕಾಗದಿರಬಹುದು, ಅದು ಅವರವರ ರಿಪೋರ್ಟ್ ನೋಡಿದವರು ಹೇಳಬೇಕಾದ ಮಾತು. ‘ಸೊಪ್ಪು ಬೇಡ’ ಎಂದು ಬರೆಯುವುದಕ್ಕೆ ಏನೂ ಗೊತ್ತಿರಬೇಕಿಲ್ಲ. ‘ಬಸಿದು ತಿನ್ನಿ, ಇಷ್ಟು ತಿನ್ನಿ’ ಎಂದು ಹೇಳುವುದಕ್ಕೆ ಅಡುಗೆ ಗೊತ್ತಿರಬೇಕು, ಎದುರಿಗಿರುವ ಮನುಷ್ಯನೂ ಗೊತ್ತಿರಬೇಕು.

ವಿಶ್ವ ಕಿಡ್ನಿ ದಿನಕ್ಕೆ 2021ರಲ್ಲಿ ಇಟ್ಟುಕೊಂಡ ವಿಷಯವೇ ಕಿಡ್ನಿ ಕಾಯಿಲೆಯ ಜೊತೆ ಚೆನ್ನಾಗಿ ಬಾಳುವುದು ಎಂದಿತ್ತು. ಪ್ರತಿ ಮಾರ್ಚ್ ತಿಂಗಳು ಬ್ಯಾನರ್ ಕಟ್ಟುತ್ತಾರೆ, ಜಾಥಾ ಹೊರಡಿಸುತ್ತಾರೆ, ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಚೆನ್ನಾಗಿ ಬಾಳುವುದೆಂದರೆ ಮೊದಲು ಹೊಟ್ಟೆತುಂಬ, ಬಾಯಿತುಂಬ ಉಣ್ಣುವುದಲ್ಲವೇ? ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಬಂದ ಮೇಲೆ ಬಡವರಿಗೆ ಉಚಿತ ಡಯಾಲಿಸಿಸ್ ಸಿಗುವಂತಾಯಿತು, ತಾಲ್ಲೂಕು ಊರುಗಳಲ್ಲೂ ಯಂತ್ರ ಬಂದವು. ಅದಕ್ಕೆ ಕೈಮುಗಿಯುತ್ತೇನೆ. ನಾಲ್ಕು ಗಂಟೆ ರಕ್ತ ತೊಳೆಯುವ ಖರ್ಚು ಸರ್ಕಾರ ಕೊಡುತ್ತದೆ ಎಂದಾದರೆ, ಆ ನಾಲ್ಕು ಗಂಟೆ ಮಂಚ ಬಿಟ್ಟು ಅಲ್ಲಾಡದೆ ಮಲಗಿರುವ ಮನುಷ್ಯನ ಪಕ್ಕ ತಿಂಗಳಿಗೊಮ್ಮೆ ಒಬ್ಬ ಡಯಟಿಷಿಯನ್ ಬಂದು ಕೂರುವುದು ಅಷ್ಟು ಕಷ್ಟವೇ? ಕನ್ನಡದಲ್ಲಿ ಮಾತಾಡಲಿ, ಆ ತಿಂಗಳ ರಿಪೋರ್ಟ್ ಕೈಯಲ್ಲಿ ಹಿಡಿದು ಮಾತಾಡಲಿ. ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುವ ಸರ್ಕಾರ ಡಯಾಲಿಸಿಸ್ ಮುಗಿಸಿ ತತ್ತರಿಸುತ್ತಾ ಹೊರಬರುವವರ ಕೈಗೆ ಎರಡು ಬೇಯಿಸಿದ ಮೊಟ್ಟೆ ಇಟ್ಟರೆ ಖಜಾನೆ ಬರಿದಾಗುತ್ತದೆಯೇ? ಮೊಟ್ಟೆಯ ಬಿಳಿಯಲ್ಲಿ ಪ್ರೋಟೀನು ಹೆಚ್ಚು, ರಂಜಕ ತೀರಾ ಕಡಿಮೆ. ನಿಮ್ಮ ಶಾಸಕರಿಗೆ, ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಬರೆಯಿರಿ. ನಾನು ಬರೆದಿದ್ದೇನೆ, ಉತ್ತರ ಬಂದಿಲ್ಲ. ನೂರು ಜನ ಬರೆದರೆ ಬರಬಹುದು.

ಸರ್ಕಾರ ಕಣ್ಣುಬಿಡುವವರೆಗೆ ಕಾಯುವಷ್ಟು ಪುರುಸೊತ್ತು ಈ ಕಾಯಿಲೆಯಲ್ಲಿ ಇಲ್ಲ. ನಾನು ಡಾಕ್ಟರಲ್ಲ, ನಾನು ಹೇಳಿದೆನೆಂದು ನಾಳೆಯೇ ಅಡುಗೆ ಬದಲಿಸಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಆ ಹಾಳೆಯನ್ನು ಅವರ ಮೇಜಿನ ಮೇಲೆ ಇಟ್ಟು ಕೇಳಿ. ಇದು ಡಯಾಲಿಸಿಸ್‌ಗೆ ಮುಂಚಿನದ್ದೋ ಈಗಿನದ್ದೋ? ಇವರ ತೂಕಕ್ಕೆ ದಿನಕ್ಕೆ ಪ್ರೋಟೀನು ಎಷ್ಟು ಗ್ರಾಂ, ಅದು ಯಾವುದರಿಂದ ಬರಬೇಕು? ಈ ತಿಂಗಳು ಪೊಟ್ಯಾಸಿಯಂ, ರಂಜಕ, ಅಲ್ಬುಮಿನ್ ಎಷ್ಟಿವೆ? ನೀರು, ಸಾರು, ಮಜ್ಜಿಗೆ ಎಲ್ಲ ಸೇರಿ ಎಷ್ಟು ಲೋಟ? ರಾಗಿಮುದ್ದೆ ಇಲ್ಲದೆ ಇವರಿಗೆ ಊಟವೇ ಇಳಿಯದು, ಎಷ್ಟು ದೊಡ್ಡದು, ವಾರಕ್ಕೆ ಎಷ್ಟು ಸಲ ಕೊಡಲಿ? ಹಬ್ಬಕ್ಕೆ ಒಂದು ಹೋಳಿಗೆ ತಿನ್ನಬಹುದೇ, ಅಂದು ಬೇರೆ ಏನನ್ನು ಬಿಡಬೇಕು? ಉತ್ತರವನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ಬರೆಯುವವರೆಗೂ ಕುರ್ಚಿ ಬಿಟ್ಟು ಏಳಬೇಡಿ. ಹೊರಗೆ ಸರದಿಯಲ್ಲಿ ನಿಂತವರು ಗೊಣಗಿದರೆ ಗೊಣಗಲಿ.